ಮರೀಚ್‌ಝಾಪಿ: ಪೊಲೀಸರ ಕಡತ, ಮೇಷ್ಟರ ನೋಟ್‌ಬುಕ್ಕು

ದಲಿತ ವಿಮರ್ಶೆ ಅಂದಕೂಡಲೇ ಕೃತಿಯಲ್ಲಿ ದಲಿತ ಪಾತ್ರ ಹೇಗೆ ಬಂದಿದೆ ಅಂತ ಹುಡುಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ಪಾತ್ರವನ್ನು ಯಾರು, ಎಲ್ಲಿ ನಿಂತು ನೋಡುತ್ತಿದ್ದಾರೆ ಅನ್ನುವುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಅಮಿತಾವ್ ಘೋಷ್ ಅವರ ‘ದಿ ಹಂಗ್ರಿ ಟೈಡ್’ (2004) ಕಾದಂಬರಿಯನ್ನು ಪಾಠ ಮಾಡುವಾಗಲೆಲ್ಲ ಇದು ನನ್ನನ್ನು ಕಾಡಿದೆ.

ಕಾದಂಬರಿಯ ಒಡಲಲ್ಲಿರುವುದು ಬಾಂಗ್ಲಾ ಗಡಿಯ ಸುಂದರಬನದ ಮರೀಚ್‌ಝಾಪಿ ದ್ವೀಪ. ಪೂರ್ವ ಬಂಗಾಳ ಬಿಟ್ಟು ಬಂದು, ದಂಡಕಾರಣ್ಯದ ಕ್ಯಾಂಪುಗಳಿಗೆ ಸಾಗಹಾಕಿಸಿಕೊಂಡಿದ್ದ ನಿರಾಶ್ರಿತರು 1978ರಲ್ಲಿ ಇಲ್ಲಿಗೆ ಬಂದು ನೆಲೆಯೂರಿದರು. ಬಹುಪಾಲು ನಾಮಶೂದ್ರರು. ಸರ್ಕಾರದ ಬಿಡಿಗಾಸಿನ ನೆರವಿಲ್ಲದೆ ಗುಡಿಸಲು ಹಾಕಿದರು, ಶಾಲೆ ಮಾಡಿದರು, ಮೀನು ಸಾಕಿದರು. ಸರ್ಕಾರ ಅದನ್ನು ಮೀಸಲು ಅರಣ್ಯ ಎಂದಿತು, ಹುಲಿಯ ಜಾಗ ಎಂದಿತು. ಬಗರ್‌ಹುಕುಂ ಸಾಗುವಳಿ ಮಾಡಿ ಫಾರೆಸ್ಟ್ ಗಾರ್ಡಿನ ಮುಂದೆ ಕೈಮುಗಿದು ನಿಂತ ನಮ್ಮ ಕಡೆಯವರಿಗೆ ಈ ಮಾತು ಹೊಸದೇನಲ್ಲ. ಆದರೆ ಇಲ್ಲಿ ಇದನ್ನು ಹೇಳಿದ್ದು, ನಿರಾಶ್ರಿತರನ್ನು ಬಂಗಾಳದಾಚೆ ಕಳಿಸಕೂಡದು ಅಂತ ಒಂದು ಕಾಲಕ್ಕೆ ವಾದಿಸಿದ್ದ ಎಡಪಕ್ಷಗಳ ಸರ್ಕಾರ!

1979ರ ಜನವರಿ ಕೊನೆಯಲ್ಲಿ 144ನೇ ಸೆಕ್ಷನ್ ಜಾರಿಯಾಯಿತು. ಪೊಲೀಸ್ ಲಾಂಚುಗಳು ದ್ವೀಪವನ್ನು ಸುತ್ತುಗಟ್ಟಿದವು. ಅಕ್ಕಿ, ಔಷಧಿ, ಕುಡಿಯುವ ನೀರಿನ ದೋಣಿಗಳನ್ನು ತಡೆದರು. ಪತ್ರಕರ್ತರನ್ನೂ ಬಿಡಲಿಲ್ಲ. ಜನವರಿ 31ರಂದು ಗೋಲಿಬಾರು. ಮೇ ತಿಂಗಳಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟು ಎಲ್ಲರನ್ನೂ ಎಬ್ಬಿಸಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು ಇಬ್ಬರು. ಉಳಿದು ಬಂದವರು ನೂರಾರು ಅನ್ನುತ್ತಾರೆ. ಸಾವಿರದ ಮಾತೂ ಇದೆ. ಒಂದೊಂದು ದೋಣಿಯನ್ನೂ ಬಿಡದೆ ಕಾದ ಕಣ್ಣಿಗೆ ಹೆಣಗಳು ಮಾತ್ರ ಕಾಣಲಿಲ್ಲ. ಯಾವುದನ್ನು ಬರೆದಿಡಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುವ ಯಜಮಾನಿಕೆಯೂ ಕಾವಲಿನ ಭಾಗವೇ.

ಘೋಷ್ ಈ ಮೌನ ಒಡೆದದ್ದು ಸಣ್ಣ ಕೆಲಸವಲ್ಲ. ಆದರೆ ದ್ವೀಪದ ಕತೆ ನಮಗೆ ಸಿಗುವುದು ನಿರ್ಮಲ್ ಎಂಬ ಹೆಡ್‌ಮಾಸ್ತರರ ನೋಟ್‌ಬುಕ್ಕಿನಲ್ಲಿ. ಕ್ರಾಂತಿಯ ಕನಸನ್ನೂ ರಿಲ್ಕೆಯ ಕವಿತೆಯನ್ನೂ ಒಟ್ಟಿಗೆ ಹೊತ್ತ ಭದ್ರಲೋಕದ ಮನುಷ್ಯ. ಕುಸುಮ್ ಆಡಿದ ಮಾತು ಅವರ ಕೈಬರಹವಾಗಿ ಬರುತ್ತದೆ. ಅದನ್ನು ಓದುವವನು ದೆಹಲಿಯಲ್ಲಿ ಅನುವಾದದ ಕಂಪನಿ ನಡೆಸುವ ನೆಂಟ ಕನಾಯ್. ಕುಸುಮಳ ಮಗ ಫೋಕಿರ್‌ಗೆ ಓದುಬರಹ ಇಲ್ಲ. ಬನಬೀಬಿಯ ಕತೆ ಬಾಯಿಪಾಠ ಇದೆ, ಅಷ್ಟೆ. ಹೆತ್ತವಳ ಕತೆ ಅವನ ಕೈಗೆ ಸಿಗುವುದೇ ಇಲ್ಲ. ಕೊನೆಗೆ ನೋಟ್‌ಬುಕ್ಕು ನೀರುಪಾಲಾಗುತ್ತದೆ, ಫೋಕಿರ್ ಚಂಡಮಾರುತದಲ್ಲಿ ಸಾಯುತ್ತಾನೆ. ನೆನಪಿನಿಂದ ಅದನ್ನು ಮತ್ತೆ ಬರೆಯುವ ಹಕ್ಕು ಉಳಿಯುವುದು ಕನಾಯ್‌ಗೆ! ಜಾತಿಯ ಪ್ರಸ್ತಾಪ ಬಂದುಹೋಗುತ್ತದೆ, ನಿಜ. ಅದು ಕಥನದ ಕಣ್ಣಾಗುವುದಿಲ್ಲ.

ಇದರ ಪಕ್ಕಕ್ಕೆ ಮನೋರಂಜನ್ ಬ್ಯಾಪಾರಿಯವರ ಆತ್ಮಕತೆ ಇಟ್ಟು ಓದಬೇಕು. ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದು, ಜೈಲಿನಲ್ಲಿ ಅಕ್ಷರ ಕಲಿತು, ರಿಕ್ಷಾ ತುಳಿದ ನಾಮಶೂದ್ರ ಲೇಖಕ ಅವರು. ಅಲ್ಲಿ ಹಸಿವಿಗೆ ರಿಲ್ಕೆಯ ಶಿಫಾರಸು ಬೇಕಾಗುವುದಿಲ್ಲ.

ಇದೇನು ದೂರದ ಬಂಗಾಳದ ಸುದ್ದಿಯಲ್ಲ. ನಮ್ಮ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಇದೇ ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳಿವೆ, ನಾಮಶೂದ್ರರೇ ಹೆಚ್ಚು. ಆ ಅಜ್ಜಿಯರ ನೆನಪಿನಲ್ಲಿ ಮರೀಚ್‌ಝಾಪಿ ಉಳಿದಿದೆಯೋ ಇಲ್ಲವೋ ಅಂತ, ಘೋಷ್ ಕಾದಂಬರಿಯ ಮೇಲೆ ಪಿಎಚ್.ಡಿ. ಮಾಡುವ ಗೆಳೆಯರು ಒಂದು ಬಸ್ಸು ಹತ್ತಿ ಹೋಗಿ ಕೇಳಬಹುದು.