'ಸಿಟಿಜನ್ ಟಿಪ್ಪು' ಎಂಬ ಹೆಸರಿನ ಪರಾಮರ್ಶೆ

ಕ್ಯಾತನಹಳ್ಳಿಯನ್ನೊಳಗೊಂಡ ಇಂದಿನ ಪಾಂಡವಪುರ ತಾಲ್ಲೂಕಿನ ಮುಖ್ಯಸ್ಥಳಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರು ರೂಢಿಯಲ್ಲಿದ್ದುದು ವಾಚಕರಿಗೆ ವಿದಿತವೇ ಆಗಿದೆ. ಹೈದರ್ ಮತ್ತು ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಕಲ್ಲುಗುಡ್ಡಗಳ ಬಳಿ ಬಿಡಾರ ಮಾಡಿದ್ದುದೇ ಆ ಹೆಸರಿಗೆ ಕಾರಣ. ಹೆಸರು ಅಳಿದರೂ ಆ ಸಂಬಂಧದ ಒಂದು ಕಥೆ ಮಾತ್ರ ನಮ್ಮ ಬರಹಗಳಲ್ಲಿ ಅಳಿಯದೆ ನಿಂತಿದೆ. 1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಜಾಕೊಬಿನ್ ಸಂಘವೊಂದನ್ನು ಕಟ್ಟಿದರು. ಸುಲ್ತಾನನು ಸ್ವಾತಂತ್ರ್ಯವೃಕ್ಷವನ್ನು ನೆಡಿಸಿ, ಸಂಘದ ಸದಸ್ಯನಾಗಿ, 'ಸಿಟಿಜನ್ ಟಿಪ್ಪು' ಎಂಬ ಬಿರುದನ್ನು ಧರಿಸಿದನು, ಎಂಬುದೇ ಆ ಕಥೆ. ಇದರಿಂದ ಕೆಲವರು ಅವನನ್ನು ಗಣರಾಜ್ಯವಾದಿಯೆಂದು ಕೊಂಡಾಡುತ್ತಾರೆ, ಕೆಲವರು ಹಾಸ್ಯಮಾಡುತ್ತಾರೆ. ಕಥೆಯ ಆಧಾರವೇನೆಂಬುದನ್ನು ಉಭಯರೂ ವಿಚಾರಿಸಿದಂತೆ ಕಾಣುವುದಿಲ್ಲ.

ಆಧಾರವು ಒಂದೇ. 1799ನೆಯ ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದ ಮೇಲೆ ಅರಮನೆಯಲ್ಲಿ ದೊರೆತವೆಂದು ಹೇಳಲಾದ ಕಾಗದಗಳನ್ನು ಅದೇ ವರ್ಷ ಕಂಪನಿ ಸರ್ಕಾರದವರು ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದರು. ಸಂಘದ ನಡಾವಳಿಯು ಅವುಗಳಲ್ಲಿದೆ. ಗೆದ್ದವನು ತನ್ನ ಯುದ್ಧವು ನ್ಯಾಯವಾದುದೆಂದು ತೋರಿಸುವುದಕ್ಕಾಗಿ ಪ್ರಕಟಿಸಿದ ಪತ್ರಗಳನ್ನು ಓದುವಾಗ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಹೇಳಬೇಕಾದುದಿಲ್ಲ. ಫ್ರೆಂಚ್ ವಿದ್ವಾಂಸರಾದ ಜಾನ್ ಬೂತಿಯೇ ಅವರು 2005ರಲ್ಲಿ ಬರೆದ ಲೇಖನದಲ್ಲಿ ಈ ಸಂಘದ ಕಥೆಯೇ ಕಂಪನಿಯವರ ಕಲ್ಪನೆಯೆಂದು ವಾದಿಸಿದ್ದಾರೆ. ಅವರ ಸಂಶಯವು ಯುಕ್ತವಾದುದೇ. ಆದರೆ ಅಷ್ಟು ದೂರ ಹೋಗದೆಯೂ ಪ್ರಕೃತ ಬಿರುದನ್ನು ಅಲ್ಲಗಳೆಯಬಹುದೆಂದು ನಮಗೆ ತೋರುತ್ತದೆ. ಅದಕ್ಕೆ ಶಬ್ದವಿಚಾರವೊಂದೇ ಸಾಕು.

ಫ್ರಾನ್ಸಿನಲ್ಲಿ 1792ರಿಂದ 'ಸಿತ್ವಾಯೆಂ' ಎಂಬುದು ಬಿರುದಲ್ಲ. ಎಲ್ಲರನ್ನೂ ಸಂಬೋಧಿಸುವ ಸಾಮಾನ್ಯ ಪದ. ಅದುವರೆಗೆ ಇದ್ದ 'ಮೊಸ್ಯೂ' ಎಂಬುದು ದೊರೆತನದ ವಾಸನೆಯುಳ್ಳದ್ದೆಂದು ಕ್ರಾಂತಿಕಾರರು ಅದನ್ನು ಬಿಟ್ಟು ಇದನ್ನು ಹಿಡಿದರು. ಗಣರಾಜ್ಯದ ಸಿಪಾಯಿಯು ಒಬ್ಬನನ್ನು ಹಾಗೆ ಕರೆದರೆ, ನಾವು ಹೆಸರಿನ ಹಿಂದೆ 'ಶ್ರೀ' ಎಂದು ಸೇರಿಸಿದಷ್ಟೇ ಅರ್ಥ. ಕರೆದವನ ಪಕ್ಷವನ್ನು ಅದು ತಿಳಿಸುತ್ತದೆಯೇ ಹೊರತು ಕರೆಸಿಕೊಂಡವನ ಮತವನ್ನಲ್ಲ. ಕನ್ನಡದಲ್ಲಿ ಇದನ್ನು 'ಪ್ರಜೆ ಟಿಪ್ಪು' ಎಂದು ಅನುವಾದಿಸುವುದಂತೂ ಇನ್ನೂ ವಿಪರೀತ. 'ಪ್ರಜೆ' ಎಂದರೆ ಮೂಲದಲ್ಲಿ ಸಂತಾನ. ಅರಸನನ್ನು ತಂದೆಯೆಂದು ಭಾವಿಸಿದ ಕಾಲದ ಮಾತು ಅದು. ಅರಸನನ್ನು ತೆಗೆದುಹಾಕಿದ ಶಬ್ದಕ್ಕೆ ಅರಸನಿಲ್ಲದೆ ಅರ್ಥವೇ ಆಗದ ಶಬ್ದವನ್ನು ಜೋಡಿಸಿದಂತಾಯಿತು. ಪುರದಿಂದ ಹುಟ್ಟಿದ 'ಪೌರ' ಎಂಬುದು ಆ ಫ್ರೆಂಚ್ ಪದಕ್ಕೆ ನಿಷ್ಪತ್ತಿಯಲ್ಲಿಯೂ ಸರಿಹೊಂದುತ್ತದೆ. ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುವ ಉಪಾಧ್ಯಾಯರು ಇಷ್ಟನ್ನಾದರೂ ಗಮನಿಸಬಹುದು.

ನಡಾವಳಿಯ ಒಳಗಿನ ಸಾಕ್ಷ್ಯವನ್ನೂ ನೋಡೋಣ. ಅಲ್ಲಿ ಸಂಘದವರು ಸಮಸ್ತ ಅರಸರ ಮೇಲೆಯೂ ದ್ವೇಷವನ್ನು ಸಾರಿ ಪ್ರತಿಜ್ಞೆ ಮಾಡುತ್ತಾರೆ. ಆದರೆ ಗಣರಾಜ್ಯದ ಮಿತ್ರನಾದ ಟಿಪ್ಪುವನ್ನು ಮಾತ್ರ ಅದರಿಂದ ಹೊರಗಿಡುತ್ತಾರೆ. ನಗೆ ಬರುವಂತಿದ್ದರೂ ಇಡೀ ಪತ್ರದಲ್ಲಿ ಅತ್ಯಂತ ಸಹಜವಾಗಿ ಕಾಣುವ ಭಾಗ ಇದೇ. ಸುಲ್ತಾನನ ಸಂಬಳವನ್ನು ಉಣ್ಣುತ್ತ, ಅವನ ಕೋಟೆಯಲ್ಲಿ ನಿಂತು, ಅರಸರಿಗೆ ಧಿಕ್ಕಾರವೆನ್ನುವವರು ಇಂತಹ ಅಪವಾದವೊಂದನ್ನು ಇಟ್ಟುಕೊಳ್ಳದೆ ಇರಲಾರರು. ಪ್ರತಿಜ್ಞೆಯು ನಿಜವಾಗಿದ್ದ ಪಕ್ಷದಲ್ಲಿಯೂ ಅದು ಟಿಪ್ಪುವನ್ನು ಅರಸನೆಂದೇ ಒಪ್ಪಿದಂತಾಯಿತು. ಅವನು ಸದಸ್ಯನೆನ್ನುವುದಕ್ಕೆ ಇದು ಅನುಕೂಲವಲ್ಲ, ಬಾಧಕ.

ಇನ್ನು ಸುಲ್ತಾನನ ಸ್ವಂತ ನಡವಳಿಕೆ. ಅವನ ಮೂವರು ರಾಯಭಾರಿಗಳು 1788ನೆಯ ಆಗಸ್ಟ್ 10ರಂದು ವರ್ಸೈಲ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಅದಕ್ಕೆ ಎರಡೇ ದಿವಸಗಳ ಹಿಂದೆ, ಮರುವರ್ಷದ ಮೇ 1ಕ್ಕೆ ರಾಜ್ಯದ ಮೂರು ವರ್ಗಗಳ ಮಹಾಸಭೆ ಸೇರತಕ್ಕದ್ದೆಂದು ಆಜ್ಞೆ ಹೊರಟಿದ್ದಿತು. ತನ್ನ ಸಿಂಹಾಸನವೇ ಅಲುಗುತ್ತಿದ್ದ ದೊರೆಯಿಂದ ಇವರು ನೆರವನ್ನು ಬೇಡಿದರು. ದೊರೆತದ್ದು ಸೆವ್ರ್ ಪಿಂಗಾಣಿಯ ಉಡುಗೊರೆ ಮತ್ತು ಕೆಲವರು ಕುಶಲಕರ್ಮಿಗಳು, ಸೈನ್ಯವಲ್ಲ. 1793ನೆಯ ಜನವರಿ 21ರಂದು ಆ ದೊರೆಯ ಶಿರಚ್ಛೇದವಾಯಿತು. 1797ರಲ್ಲಿ ಸುಲ್ತಾನನು ಅದೇ ಕೋರಿಕೆಯನ್ನು, ಅಂದರೆ ಆಂಗ್ಲರ ವಿರುದ್ಧ ಸೈನ್ಯವನ್ನು ಕಳುಹಿಸಬೇಕೆಂಬುದನ್ನು, ಶಿರಚ್ಛೇದ ಮಾಡಿದ ಗಣರಾಜ್ಯಕ್ಕೆ ಬರೆದನು. ಎದುರಿನ ಗದ್ದುಗೆ ಬದಲಾಗಿದ್ದಿತು, ಕೋರಿಕೆ ಬದಲಾಗಿರಲಿಲ್ಲ. ತಾನು ಮೊಗಲರ ಅಧೀನತೆಯನ್ನು ತೊರೆದು ಪಾದಶಹನೆಂದು ಸಾರಿಕೊಂಡವನು ರಾಜಪದವಿಯನ್ನು ಹಗುರವಾಗಿ ಎಣಿಸಿದ್ದನೆಂದು ನಂಬುವುದು ಕಷ್ಟ.

ಬೂತಿಯೇ ಅವರ ವಾದಕ್ಕೆ ನಮ್ಮ ಆಕ್ಷೇಪಣೆ ಒಂದುಂಟು. ಯುದ್ಧಕ್ಕೆ ನೆವ ಬೇಕಾಗಿದ್ದ ಮಾರ್ನಿಂಗ್‌ಟನ್ ಪ್ರಭುವಿಗೆ ಸಂಘದ ಕಾಗದಗಳನ್ನು ಸೃಷ್ಟಿಸುವ ಅಗತ್ಯವೇ ಇರಲಿಲ್ಲ. ಮಾರಿಷಸಿನ ಫ್ರೆಂಚ್ ಗವರ್ನರನಾದ ಮಲಾರ್ತಿಕನು 1798ನೆಯ ಜನವರಿ 30ರಂದು ಟಿಪ್ಪುವಿನ ಸಹಾಯಕ್ಕೆ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಘೋಷಣಪತ್ರವನ್ನು ಹೊರಡಿಸಿ, ಗುಟ್ಟಾಗಿರಬೇಕಾದ ಸಂಧಾನವನ್ನು ತಾನೇ ಬಯಲಿಗೆಳೆದಿದ್ದನು. ಆ ಘೋಷಣೆಯ ಫಲವಾಗಿ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನಲ್ಲಿ ಇಳಿದವರು ನೂರು ಮಂದಿಯೂ ಇರಲಿಲ್ಲ.