ಮರದ ಅಚ್ಚಿನಲ್ಲಿ ಅರಳಿದ ವರ್ಣ

ಅಮೂರ್ತ ಅಭಿವ್ಯಕ್ತಿಪಂಥದ ಚಿತ್ರಕಲೆಯು ಎರಡನೆಯ ಮಹಾಯುದ್ಧದ ತರುವಾಯ ನ್ಯೂಯಾರ್ಕ್ ನಗರದಲ್ಲಿ ಪ್ರಬಲವಾಯಿತು. ಅಂತರಂಗದ ಭಾವವು ಕೈಯ ಚಲನೆಯಲ್ಲಿ ಆ ಕ್ಷಣದಲ್ಲಿಯೇ ಪಟದ ಮೇಲೆ ಮೂಡಬೇಕೆಂಬುದು ಆ ಪಂಥದ ಅನೇಕರ ನಿಲುವು. ಮರದ ಅಚ್ಚಿನ ಕಲೆಯಾದರೋ ಇದಕ್ಕೆ ತೀರ ಭಿನ್ನವಾದುದು. ಹಲಗೆಯನ್ನು ಕೆತ್ತಬೇಕು, ಬಣ್ಣ ಲೇಪಿಸಬೇಕು, ಕಾಗದವನ್ನಿಟ್ಟು ಒತ್ತಬೇಕು; ಒಂದೊಂದು ಬಣ್ಣವೂ ತನ್ನ ಸರದಿಗೆ ಕಾಯಬೇಕು. ಇಂತಹ ಮಾಧ್ಯಮದಲ್ಲಿ ಕ್ಷಣದ ಸ್ಫುರಣೆಯು ಉಳಿಯಬಲ್ಲುದೆ? ಹೆಲೆನ್ ಫ್ರಾಂಕೆಂಥೇಲರ್ (1928–2011) ಅವರ ‘ಮೇಡಮ್ ಬಟರ್‌ಫ್ಲೈ’ (2000) ಎಂಬ ಅಚ್ಚುಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

1952ರ ‘ಪರ್ವತಗಳು ಮತ್ತು ಸಮುದ್ರ’ ಚಿತ್ರದಲ್ಲಿ ಈ ಕಲಾವಿದೆ ತೈಲವರ್ಣವನ್ನು ನೀರಿನಂತೆ ತೆಳುಗೊಳಿಸಿ, ಲೇಪವಿಲ್ಲದ ಬಟ್ಟೆಯ ಮೇಲೆ ಸುರಿದು ಇಂಗಿಸಿದರು. ಅಲ್ಲಿ ರೂಪ ಬೇರೆ, ವರ್ಣ ಬೇರೆ ಅಲ್ಲ. ಬಣ್ಣವು ಹರಡಿದಷ್ಟೇ ರೂಪ. ಆದರೆ ಕೆತ್ತಿದ ಹಲಗೆಗೆ ಅಂಚು ಅನಿವಾರ್ಯ. 1973ರ ‘ಈಸ್ಟ್ ಅಂಡ್ ಬಿಯಾಂಡ್’ ಅಚ್ಚಿಗಾಗಿ ಅವರು ಹಲಗೆಯನ್ನು ಗರಗಸದಿಂದ ಬಳುಕುವ ತುಂಡುಗಳಾಗಿ ಕೊಯ್ದು, ತುಂಡುಗಳ ನಡುವೆ ಬಿಳಿಯ ಗೆರೆ ಉಳಿಯದಂತೆ ಅಚ್ಚಿಳಿಸಿದರು. ಅಂಚು ಉಳಿಯಿತು, ಗೋಡೆ ಅಳಿಯಿತು.

‘ಮೇಡಮ್ ಬಟರ್‌ಫ್ಲೈ’ ಈ ಸಾಧನೆಯ ಫಲ. ಮೂರು ಹಾಳೆ, 46 ಹಲಗೆ, 102 ಬಣ್ಣ. ಅಗಲ ಸುಮಾರು ಎರಡು ಮೀಟರ್. ನಡುವೆ ಬಿಳಿಛಾಯೆಯ ಆಕೃತಿಯೊಂದು ರೆಕ್ಕೆ ಬಿಚ್ಚಿದಂತೆ ಹರಡಿದೆ. ಇಷ್ಟೊಂದು ಬಣ್ಣಗಳಿದ್ದರೂ ನೋಡುವವನ ಕಣ್ಣಿಗೆ ಸಂಖ್ಯೆ ಕಾಣುವುದಿಲ್ಲ. ಒಂದೇ ಉಸಿರಿನ ತಿಳಿಬೆಳಕು ಕಾಣುತ್ತದೆ.

ಕಲಾವಿದೆ ಮೊದಲು ಮರದ ಫಲಕಗಳ ಮೇಲೆ ಚಿತ್ರ ಬರೆದರು. ಕೆನೆತ್ ಟೈಲರ್ ಅವರ ಅಚ್ಚುಶಾಲೆಯಲ್ಲಿ ಯಾಸುಯುಕಿ ಶಿಬಾತ ಹಲಗೆಗಳನ್ನು ಕೆತ್ತಿದರು. ಹಾಗಾದರೆ ಇದು ಪರರ ಕೈಯಿಂದಾದ ಪ್ರತಿಯಲ್ಲವೆ ಎಂಬ ಆಕ್ಷೇಪ ಸಹಜ. ಆದರೆ ಇಲ್ಲಿ ಮರದ ಎಳೆಗಳು ಬಣ್ಣದೊಳಗಿನಿಂದಲೇ ಹೊಮ್ಮಿ ರೂಪದ ಭಾಗವಾಗಿವೆ. ಬಟ್ಟೆಯ ಮೇಲೆ ಇದು ಅಸಾಧ್ಯ. ಮಾಧ್ಯಮವು ತನ್ನ ಸ್ವಭಾವವನ್ನು ಮರೆಯದಿರುವುದರಿಂದ ಇದು ಪ್ರತಿಯಲ್ಲ, ಸ್ವತಂತ್ರ ಕೃತಿ.

ಕೊರತೆಯೊಂದು ಶೀರ್ಷಿಕೆಯಲ್ಲಿದೆ. ಪುಚ್ಚೀನಿಯ ಗೀತನಾಟಕದ ಹೆಸರನ್ನು ಕೇಳಿದೊಡನೆ ನೋಡುಗನು ಚಿಟ್ಟೆಯನ್ನೂ ಕಥಾನಾಯಕಿಯನ್ನೂ ಹುಡುಕತೊಡಗುತ್ತಾನೆ. ಅಮೂರ್ತದ ವಿಶಾಲ ಧ್ವನಿಯು ಸಂಕುಚಿತವಾಗುತ್ತದೆ. ಹೆಸರನ್ನು ಬದಿಗಿರಿಸಿ ನೋಡುವ ಸಹೃದಯನಿಗೆ ಮಾತ್ರ ಕೃತಿಯ ಪೂರ್ಣ ಸ್ವಾರಸ್ಯ ದೊರೆಯುತ್ತದೆ. ಸಹಜತೆಯು ಶ್ರಮದ ಅಭಾವವಲ್ಲ, ಶ್ರಮವು ತನ್ನ ಗುರುತನ್ನು ಅಳಿಸಿಕೊಂಡ ಸ್ಥಿತಿಯೆಂಬುದಕ್ಕೆ ಈ ಅಚ್ಚು ಸಾಕ್ಷಿಯಾಗಿದೆ.