ಬೇಟೆಯ ಮಾತು, ಆಟದ ಮಾತು

2025ರ ಯುಗಾದಿಗೆ ಎರಡು ದಿನ ಮುಂಚೆ, ಮಾರ್ಚ್ 28ರ ಶುಕ್ರವಾರ ರಾತ್ರಿ, ಚೆಪಾಕಿನಲ್ಲಿ ಬೆಂಗಳೂರು ತಂಡವು ಚೆನ್ನೈ ತಂಡವನ್ನು 50 ರನ್ನುಗಳಿಂದ ಸೋಲಿಸಿತು. ಐಪಿಎಲ್ ಹುಟ್ಟಿದ 2008ರ ಮೇ ತಿಂಗಳಲ್ಲಿ ಒಮ್ಮೆ ಹೀಗಾಗಿತ್ತು. ಅದಾದ ಮೇಲೆ ಚೆನ್ನೈಯನ್ನು ಅದರ ಮನೆಯಂಗಳದಲ್ಲೇ ಮಣಿಸಲು ಬೆಂಗಳೂರಿಗೆ ಹದಿನೇಳು ವರ್ಷ ಬೇಕಾಯಿತು. ಈ ಊರಿನಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ಸಣ್ಣ ಸಂಗತಿಯಲ್ಲ. ಕಚೇರಿಯಲ್ಲಿ, ಮಕ್ಕಳ ಶಾಲೆಯಲ್ಲಿ, ತರಕಾರಿ ಅಂಗಡಿಯ ಮುಂದೆ ಪ್ರತಿ ವರ್ಷ ವಸಂತದಲ್ಲಿ ನಾವು ಕೇಳಿಸಿಕೊಂಡ ಹಾಸ್ಯದ ಮಾತುಗಳೆಷ್ಟು!

ಆ ರಾತ್ರಿ ನಾವು ನಾಲ್ಕೈದು ಕುಟುಂಬದವರು ಒಂದೇ ಮನೆಯ ಹಜಾರದಲ್ಲಿ ಕೂಡಿ ಟಿವಿ ನೋಡುತ್ತಿದ್ದೆವು. ಪಕ್ಕದ ಮನೆಯ ತಮಿಳು ಯಜಮಾನರೂ ಹಳದಿ ಅಂಗಿ ತೊಟ್ಟು ನಮ್ಮ ನಡುವೆ ಕುಳಿತಿದ್ದರು. ಸೋಲು ಖಚಿತವಾದ ಮೇಲೆ ಧೋನಿ ಬಂದು 16 ಎಸೆತಗಳಲ್ಲಿ 30 ರನ್ ಹೊಡೆದು ಔಟಾಗದೆ ಉಳಿದಾಗ ಅವರು ಮನಸಾರೆ ಕೈತಟ್ಟಿದರು. ಪಂದ್ಯ ಮುಗಿಯಿತು. ನಮ್ಮ ಹತ್ತು ವರ್ಷದ ಹುಡುಗನೊಬ್ಬ ಸೋಫಾದ ಮೇಲೆ ಹತ್ತಿ ನಿಂತು, "ಸಿಂಹಗಳನ್ನ ಬೇಟೆಯಾಡಿಬಿಟ್ವಿ!" ಎಂದು ಕೂಗಿದ. ಎಲ್ಲರೂ ನಕ್ಕೆವು. ತಮಿಳು ಯಜಮಾನರು ತಾವೂ ನಕ್ಕು, ನಮಗೆ ಶುಭಾಶಯ ಹೇಳಿ, ಸ್ವಲ್ಪ ಬೇಗನೆ ಎದ್ದು ಹೋದರು.

ನಗದೆ ಕುಳಿತಿದ್ದವರು ಒಬ್ಬರೇ. ತೀರ್ಥಹಳ್ಳಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ನಿವೃತ್ತರಾದ ಹಿರಿಯರು. ಅವರು ಹುಡುಗನನ್ನು ಹತ್ತಿರ ಕರೆದು, "ಮರಿ, ನೀನು ಬೇಟೆ ನೋಡಿದ್ದೀಯಾ?" ಎಂದು ಕೇಳಿದರು. "ಇಲ್ಲ ತಾತ, ಟಿವೀಲಿ ಹೇಳಿದ್ರಲ್ಲ" ಎಂದ ಹುಡುಗ. ಈ ಲೇಖನಕ್ಕೆ ಪ್ರೇರಣೆ ಆ ಉತ್ತರವೇ.

ಹುಡುಗ ಹೇಳಿದ್ದು ನಿಜ. ನಮ್ಮ ಕ್ರೀಡಾ ಪುಟಗಳಲ್ಲೂ ಟಿವಿಯ ವೀಕ್ಷಕ ವಿವರಣೆಯಲ್ಲೂ ಬೇಟೆ ಎಂಬ ಮಾತು ಎಷ್ಟು ಸವೆದಿದೆಯೆಂದರೆ, ಬೌಲರ್ ವಿಕೆಟ್ ಬೇಟೆಯಾಡುತ್ತಾನೆ, ದಾಂಡಿಗ ರನ್ ಬೇಟೆಯಾಡುತ್ತಾನೆ, ತಂಡ ಪ್ರಶಸ್ತಿಯ ಬೇಟೆಗೆ ಹೊರಡುತ್ತದೆ. ಔಟಾದವನು ಬಲಿಯಾಗುತ್ತಾನೆ, ಸೋತ ತಂಡ ಧೂಳೀಪಟವಾಗುತ್ತದೆ. ಎರಡೂ ತಂಡಗಳ ಲಾಂಛನದಲ್ಲಿ ಸಿಂಹವೇ ಇರುವಾಗ ಯಾವ ಸಿಂಹ ಯಾವುದನ್ನು ಬೇಟೆಯಾಡಿತು ಎಂಬ ಯೋಚನೆಯೂ ಯಾರಿಗೂ ಬರುವುದಿಲ್ಲ. ಇದು ಬರಿಯ ಅಲಂಕಾರ, ಆಟದ ಉತ್ಸಾಹದಲ್ಲಿ ಆಡುವ ಮಾತು, ಇದಕ್ಕೆ ವಿಮರ್ಶೆ ಬೇಕೇ ಎಂದು ಕೆಲವರು ಕೇಳಬಹುದು. ಬೇಕೆಂದು ನಮಗೆ ತೋರುತ್ತದೆ. ಕಾರಣ ಇಷ್ಟೇ: ಚೆನ್ನೈಯಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಕನ್ನಡ ಕಲಿಯುವುದಿಲ್ಲ. 2018ರಲ್ಲಿ ಐಪಿಎಲ್ ಪಂದ್ಯಗಳ ವಿವರಣೆ ಕನ್ನಡದಲ್ಲೂ ಬರತೊಡಗಿದ ಮೇಲೆ, ಒತ್ತಾಯವಿಲ್ಲದೆ ಅವರು ಮೂರೂವರೆ ಗಂಟೆ ಕನ್ನಡ ಕೇಳುವುದು ಆ ಪೆಟ್ಟಿಗೆಯ ಮುಂದೆಯೇ. ಅದಕ್ಕಾಗಿ ನಾವು ಕೃತಜ್ಞರು. ಆದರೆ ಮಕ್ಕಳು ಅಲ್ಲಿಂದ ಯಾವ ಕನ್ನಡವನ್ನು ತರುತ್ತಾರೆ ಎಂಬುದು ನಮ್ಮ ಮನೆಯ ವಿಚಾರ.

ಹಿರಿಯರು ಅಂದು ರಾತ್ರಿ ಹುಡುಗನಿಗೆ ಬೇಟೆಯ ಕಥೆ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬರುವುದಕ್ಕೆ ಮುಂಚಿನ ಮಾತು. ಅವರು ಚಿಕ್ಕವರಾಗಿದ್ದಾಗ ದೊಡ್ಡವರ ಹಿಂದೆ ಹಂದಿ ಬೇಟೆಗೆ ಹೋದದ್ದು. ಕೋವಿಯವರು ಬಿಲ್ಲಿನಲ್ಲಿ ಉಸಿರು ಬಿಗಿಹಿಡಿದು ನಿಂತದ್ದು. ಉಳಿದವರು ನಾಯಿಗಳೊಡನೆ ಹಳುವಿಗೆ ನುಗ್ಗಿ ಸೋವಿದ್ದು. ಬೆಳಗಿನಿಂದ ಮಧ್ಯಾಹ್ನದವರೆಗೆ ಏನೂ ಆಗದೆ ಇದ್ದದ್ದು. ಕೊನೆಗೆ ಹಂದಿ ಹೊರಬಿದ್ದಾಗ ಈಡು ತಪ್ಪಿತು. ಹಂದಿ ಒಂದು ನಾಯಿಯ ಹೊಟ್ಟೆ ಸೀಳಿ ಕಾಡು ಸೇರಿತು. ಅಂದು ಮನೆಗೆ ಬಂದ ಮೇಲೆ ಯಾರೂ ಹಂದಿಯನ್ನು ಬೈಯಲಿಲ್ಲ; ಎಂಥಾ ಹಂದಿ ಎಂದು ವಾರಗಟ್ಟಲೆ ಮಾತಾಡಿಕೊಂಡರಂತೆ. "ಬೇಟೆ ಅಂದ್ರೆ ಬಹಳ ಹೊತ್ತು ಕಾಯೋದು ಮರಿ. ಹೊಡೆಯೋದು ಒಂದು ಗಳಿಗೆ. ಎಷ್ಟೋ ದಿನ ಅದೂ ಇಲ್ಲ" ಎಂದು ಅವರು ಮುಗಿಸಿದರು.

ನಮ್ಮ ಸಾಹಿತ್ಯ ಬಲ್ಲವರಿಗೆ ಇದು ಹೊಸ ಮಾತಲ್ಲ. ಕೆನೆತ್ ಆಂಡರ್ಸನ್ ಬರೆದ ಶಿಕಾರಿಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ಬೆಳ್ಳಂದೂರಿನ ನರಭಕ್ಷಕ, ಜಾಲಹಳ್ಳಿಯ ಕುರ್ಕ, ಮಾಗಡಿಯ ಚಿರತೆ ಕನ್ನಡ ಓದುಗರಿಗೆ ಮನೆಮಾತು. ಬೆಂಗಳೂರಿನಲ್ಲಿ ನೆಲೆಸಿದ್ದ ಆಂಡರ್ಸನ್ ಅಲೆದ ಕಾಡುಗಳಲ್ಲಿ ಹೊಸೂರು, ಧರ್ಮಪುರಿ, ಸೇಲಂ ಕಡೆಯವೂ ಸೇರಿವೆ. ಎಂದರೆ ನಾವು ಊರಿಗೆ ಬಸ್ಸಿನಲ್ಲಿ ಹೋಗಿಬರುವ ದಾರಿಯ ಆಚೀಚೆ. ಆ ಪುಸ್ತಕಗಳನ್ನು ಮತ್ತೆ ತೆರೆದು ನೋಡಿ. ಗುಂಡು ಹಾರುವುದು ಕೆಲವೇ ಸಾಲುಗಳಲ್ಲಿ. ಉಳಿದ ಪುಟಗಳಲ್ಲೆಲ್ಲ ಹೆಜ್ಜೆಗುರುತು, ಮಚಾನಿನ ಮೇಲಿನ ಚಳಿ, ಹಳ್ಳಿಗರ ಭಯ, ತಪ್ಪಿದ ಅಂದಾಜು. ಹುಲಿಯೊಂದು ನರಭಕ್ಷಕವಾಗಲು ಮನುಷ್ಯ ಅರೆಬರೆ ಹಾರಿಸಿದ ಗುಂಡು ಎಷ್ಟೋ ಬಾರಿ ಕಾರಣ ಎಂಬ ಅರಿವು ಆ ಬರವಣಿಗೆಯಲ್ಲಿದೆ. ಕೊಲ್ಲಬೇಕಾದ ಪ್ರಾಣಿಯ ಬುದ್ಧಿಗೂ ಧೈರ್ಯಕ್ಕೂ ಪೂರ್ತಿ ಗೌರವ ಕೊಟ್ಟ ಮೇಲೆಯೇ ಅಲ್ಲಿ ಕಥೆ ಮುಂದೆ ಸಾಗುತ್ತದೆ. ಟಿವಿಯ ಬೇಟೆಯಲ್ಲಿ ಇಲ್ಲದಿರುವುದು ಇದೇ. ಅಲ್ಲಿ ಕಾಯುವಿಕೆಯ ಜಾಗಕ್ಕೆ ಜಾಹೀರಾತು ಬರುತ್ತದೆ. ತಪ್ಪಿದ ಈಡಿಗೆ ಬೆಲೆಯಿಲ್ಲ. ಎದುರಾಳಿ ಬೀಳುವುದಕ್ಕೆಂದೇ ಹುಟ್ಟಿದವನು.

ಇನ್ನೂ ಹಳೆಯ ಸಾಕ್ಷಿಯೊಂದಿದೆ. ಅದಕ್ಕೂ ನಮ್ಮ ಈ ಊರಿಗೂ ನಂಟಿದೆ. ಬೆಂಗಳೂರಿನ ರೈಲು ಅರಕ್ಕೋಣ ದಾಟುವಾಗ, ಅದಕ್ಕೆ ಸಮೀಪದಲ್ಲಿರುವ ತಕ್ಕೋಲಂ ಎಂಬ ಊರನ್ನು ನೆನೆಯಿರಿ. ಕ್ರಿ.ಶ. 949ರ ಸುಮಾರಿನಲ್ಲಿ ಅಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಒಂದು ಕಡೆ, ಚೋಳ ರಾಜಾದಿತ್ಯ ಇನ್ನೊಂದು ಕಡೆ ನಿಂತು ಕಾದಿದರು; ರಾಜಾದಿತ್ಯ ಮಡಿದ. ಕನ್ನಡ ನಾಡಿನ ಸೇನೆಗೂ ತಮಿಳು ನಾಡಿನ ಸೇನೆಗೂ ನಡೆದ ಆ ಯುದ್ಧದಲ್ಲಿ ಪರಾಕ್ರಮ ತೋರಿದವನು ಮಣಲೇರ. ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಎರಡೂ ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿಬಿಟ್ಟರು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅಕ್ಷರಗಳಲ್ಲಿ ಯುದ್ಧದ ವಿಜಯವಿದೆ. ಆದರೆ ಕೆತ್ತನೆಯ ಚಿತ್ರದಲ್ಲಿ ಗೆದ್ದ ರಾಜನಿಲ್ಲ, ಸೋತ ರಾಜನೂ ಇಲ್ಲ. ಇರುವುದು ನಾಯಿ ಮತ್ತು ಹಂದಿ, ಒಂದಕ್ಕೊಂದು ಸಮನಾಗಿ. ಬೇಟೆಯನ್ನು ನೆನೆಯುವಾಗ ನಮ್ಮ ಹಿರಿಯರು ಹಂದಿಯನ್ನು ಬಿಡಲಿಲ್ಲ.

ಹಾಗಾದರೆ ಆಟಕ್ಕೆ ಬೇಟೆಯ ಹೋಲಿಕೆಯೇ ಸಲ್ಲದೆ? ಚೆನ್ನಾಗಿ ಸಲ್ಲುತ್ತದೆ; ಸಲ್ಲುವಲ್ಲಿ ಬಳಸಬೇಕು. 1975ರ ಜನವರಿಯಲ್ಲಿ ಇದೇ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಒಂದೇ ಇನ್ನಿಂಗ್ಸಿನಲ್ಲಿ ಏಳು ವಿಕೆಟ್ ತೆಗೆದ. ಅವನ ಬತ್ತಳಿಕೆಯಲ್ಲಿ ಎರಡು ಬಗೆಯ ಬೌನ್ಸರ್ ಇದ್ದವು: ಒಂದು ನಿಧಾನದ್ದು, ದಾಂಡಿಗನಿಗೆ ಧೈರ್ಯ ಬರಿಸಲು, ಇನ್ನೊಂದು ವೇಗದ್ದು, ಆ ಧೈರ್ಯವನ್ನೇ ಬಲೆಯಾಗಿಸಲು. ಇದು ನಿಜವಾದ ಬೇಟೆಗಾರನ ತಾಳ್ಮೆ. ಆ ಬೇಟೆಗೆ ಸಿಗದೆ ಉಳಿದವನು ಭದ್ರಾವತಿಯ ನಮ್ಮ ಜಿ. ಆರ್. ವಿಶ್ವನಾಥ್. ಭಾರತದ 190 ರನ್ನುಗಳಲ್ಲಿ 97 ಅವನದೇ. ಕೊನೆಯ ಜೊತೆಗಾರ ಚಂದ್ರಶೇಖರ್ ಔಟಾದಾಗ ಶತಕಕ್ಕೆ ಮೂರು ರನ್ ಬಾಕಿ ಇದ್ದಂತೆಯೇ ಅವನು ಮರಳಿದ. ಮದರಾಸಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಆದ್ದರಿಂದ ಈ ಊರಿನ ಮನೆಗಳಲ್ಲಿ ಆ ಆಟವನ್ನು ಪರದೆಯ ಮೇಲೆ ನೋಡಿದವರಿಲ್ಲ. ಆದರೂ ತಿರುವಲ್ಲಿಕ್ಕೇಣಿಯ ಹಿರಿಯ ತಮಿಳರು ಇಂದಿಗೂ ಆ 97ನ್ನು ಎಸೆತ ಎಸೆತವಾಗಿ ಹೇಳಬಲ್ಲರು. ಕನ್ನಡಿಗನೊಬ್ಬನ ಆಟವನ್ನು ಅವರು ಐವತ್ತು ವರ್ಷ ಬಾಯಿಮಾತಿನಲ್ಲೇ ಕಾಪಾಡಿದ್ದಾರೆ, ರಾಬರ್ಟ್ಸನನ್ನು ಬಿಡದೆ. ಒಳ್ಳೆಯ ಶಿಕಾರಿ ಕಥೆಯ ಲಕ್ಷಣವೆಲ್ಲ ಅದರಲ್ಲಿದೆ.

ಇದೇ ಮೈದಾನ 1999ರ ಜನವರಿ 31ರಂದು ಇನ್ನೂ ದೊಡ್ಡ ಪಾಠ ಹೇಳಿತು. ಸಚಿನ್ ತೆಂಡೂಲ್ಕರ್ 136 ಹೊಡೆದೂ ಭಾರತ ಪಾಕಿಸ್ತಾನಕ್ಕೆ 12 ರನ್ನುಗಳಿಂದ ಸೋತಿತು. ಗೆಲುವಿನ ಬಾಗಿಲಲ್ಲಿ ಸೋತ ಜನ ಸ್ವಲ್ಪ ಹೊತ್ತು ಕಲ್ಲಾಗಿ ಕುಳಿತು, ಆಮೇಲೆ ಎದ್ದು ನಿಂತು ಗೆದ್ದ ಪಾಕಿಸ್ತಾನದ ಆಟಗಾರರಿಗೆ ಕೈತಟ್ಟಿದರು. ಅಂಥ ಪ್ರೇಕ್ಷಕರ ನಡುವೆ ನಾವು ಬಾಳುತ್ತಿದ್ದೇವೆ ಎಂಬುದು ನಮ್ಮ ಭಾಗ್ಯ. ಇನ್ನು ಗೆದ್ದವರು ಬೇಟೆಗಾರರು, ಸೋತವರು ಬೇಟೆ ಎಂಬ ಲೆಕ್ಕವೇ ಸರಿಯೆಂದು ಹಿಡಿದರೆ, ನಮ್ಮ ಪಾಲಿಗೆ ಬರುವುದೇನೂ ಸುಖಕರವಲ್ಲ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಚೆಪಾಕಿನಲ್ಲೇ, ಮದರಾಸಿಗೂ ಮೈಸೂರಿಗೂ. ಮೈಸೂರು 48 ಮತ್ತು 59ಕ್ಕೆ ಮುಗಿಯಿತು, ಮದರಾಸಿನ ಎ. ಜಿ. ರಾಮ್‌ಸಿಂಗ್ ಹನ್ನೊಂದು ವಿಕೆಟ್ ಪಡೆದರು. ಪಂದ್ಯ ಒಂದೇ ದಿನದಲ್ಲಿ ಸಮಾಪ್ತಿ. ಬೇಟೆಯ ಭಾಷೆಯಲ್ಲಿ ಅಂದು ಹಂದಿ ನಾವೇ!

ಈ ವಿನೋದವನ್ನು ಇಲ್ಲಿಗೇ ನಿಲ್ಲಿಸಬೇಕಾಗಿದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವಕ್ಕೆಂದು ನೆರೆದ ಜನಸಂದಣಿಯ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಹಿಂದಿನ ರಾತ್ರಿ ಇಲ್ಲಿ ಸಿಹಿ ಹಂಚಿದ ನಾವು ಅಂದು ಸಂಜೆ ಊರಿಗೆ ಫೋನು ಮಾಡಿ ನಮ್ಮ ನಮ್ಮ ಮಕ್ಕಳು, ಅಣ್ಣತಮ್ಮಂದಿರ ಮಕ್ಕಳು ಕ್ಷೇಮವೇ ಎಂದು ವಿಚಾರಿಸುತ್ತಿದ್ದೆವು. ಆ ದುರಂತಕ್ಕೆ ಮಾತುಗಳು ಕಾರಣವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ಎರಡು ತಿಂಗಳು ವಿಕೆಟ್ ಬಿದ್ದಾಗಲೆಲ್ಲ ಬಲಿ, ಬಲಿ ಎಂದು ಆಡಿದ ನಾಲಗೆಗೆ ಅಂದು ನಿಜವಾಗಿ ಸತ್ತವರ ಬಗ್ಗೆ ಹೇಳಲು ಬೇರೆ ಮಾತು ಉಳಿದಿರಲಿಲ್ಲ. ಆಟಕ್ಕೆ ಖರ್ಚು ಮಾಡಿದ ಮಾತನ್ನೇ ಸಾವಿಗೂ ಬಳಸಬೇಕಾಯಿತು. ಭಾಷೆ ಬಡವಾಗುವುದೆಂದರೆ ಇದು.

ಹುಡುಗನ ಮೇಲೆ ನಮ್ಮ ದೂರಿಲ್ಲ. ಅವನು ಕೇಳಿದ್ದನ್ನು ಹೇಳಿದ. ಬೇರೆ ಮಾತನ್ನು ಅವನಿಗೆ ಕೊಡದೆ ಇದ್ದವರು ನಾವು. ಮುಂದಿನ ಪಂದ್ಯಕ್ಕೆ ಕೂಡಿದಾಗ ಒಂದು ಓವರಿನಷ್ಟು ಹೊತ್ತು ಟಿವಿಯ ಸದ್ದು ನಿಲ್ಲಿಸಿ, ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಆಟದ ವಿವರಣೆ ಹೇಳಿಸಿ ನೋಡೋಣ. ಷರತ್ತು ಎರಡೇ: ಬೇಟೆ, ಬಲಿ ಎಂಬ ಮಾತು ಬರಕೂಡದು, ಎದುರು ತಂಡದವರ ಒಂದು ಒಳ್ಳೆಯ ಹೊಡೆತವನ್ನೋ ಎಸೆತವನ್ನೋ ಹೆಸರಿಟ್ಟು ಹೊಗಳಬೇಕು. ಮೊದಮೊದಲು ತಡವರಿಸುತ್ತಾರೆ, ತಮಿಳು ಬೆರೆಸುತ್ತಾರೆ, ಚಿಂತೆಯಿಲ್ಲ. ಚೆನ್ನಾಗಿ ಹೇಳಿದವರದನ್ನು ಬರೆದು ಕಳಿಸಿದರೆ ಈ ಪತ್ರಿಕೆಯಲ್ಲೇ ಅಚ್ಚು ಹಾಕಬಹುದು. ಆ ದಿನ ಪಕ್ಕದ ಮನೆಯವರನ್ನೂ ತಪ್ಪದೆ ಕರೆಯಿರಿ. ಮಾರ್ಚ್ 28ರ ರಾತ್ರಿ ಅವರು ಧೋನಿಗೆ ಕೈತಟ್ಟಿದಾಗ, ನಮ್ಮ ಕಡೆಯಿಂದ ಜೊತೆಗೆ ಕೈತಟ್ಟಿದವರು ಆ ತೀರ್ಥಹಳ್ಳಿಯ ಹಿರಿಯರೊಬ್ಬರೇ ಎಂಬುದು ನಮಗೆ ಇನ್ನೂ ನೆನಪಿದೆ.